ಒಣಗಿಸಿದ ಎಲೆ, ಹೂ ಯಾಕೆ ಕೆಡುತ್ತವೆ? ದೋಷ ಹುಡುಕಲು ಒಂದು ಕೈಪಿಡಿ

ಎಲೆ ಕಪ್ಪಾಗಿದೆ. ಹೂವಿನ ಬಣ್ಣ ಹಾರಿಹೋಗಿದೆ. ಡಬ್ಬಿ ತೆರೆದರೆ ಘಮದ ಬದಲು ಒಣಹುಲ್ಲಿನ ವಾಸನೆ. ಹೀಗಾದಾಗ ಹೆಚ್ಚಿನವರು ಮೊದಲು ವಿಧಾನವನ್ನೇ ದೂರುತ್ತಾರೆ. ನೇತುಹಾಕಿ ಒಣಗಿಸುತ್ತಿದ್ದವರು ಡಿಹೈಡ್ರೇಟರ್ (ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರ) ತರುತ್ತಾರೆ. ಡಿಹೈಡ್ರೇಟರ್ ಇದ್ದವರು ತೇವ ಹೀರುವ ಹರಳಾದ ಸಿಲಿಕಾ ಜೆಲ್ ಹುಡುಕುತ್ತಾರೆ. ಎಷ್ಟೋ ಸಲ ಹೊಸ ವಿಧಾನದಲ್ಲೂ ಅದೇ ತೊಂದರೆ ತಿರುಗಿ ಬರುತ್ತದೆ. ಕಾರಣ ಹುಡುಕದೆ ಉಪಕರಣ ಬದಲಿಸಿದರೆ ಹಾಗೇ ಆಗೋದು.

ಒಣಗಿಸುವಾಗ ಎರಡು ಕಡೆಯಿಂದ ಅಪಾಯ ಇರುತ್ತದೆ. ತುಂಬಾ ನಿಧಾನವಾದರೆ ಎಲೆಯೊಳಗಿನ ಕಿಣ್ವಗಳೂ ಹೊರಗಿನ ಬೂಷ್ಟೂ ಕೆಲಸ ಶುರು ಮಾಡುತ್ತವೆ. ಅವಸರ ಮಾಡಿ ಬಿಸಿ ಏರಿಸಿದರೆ ಘಮ, ಬಣ್ಣ ಎರಡೂ ಹೋಗುತ್ತವೆ. ಎಲ್ಲ ವಿಧಾನಗಳೂ ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ. ಹಾಗಾಗಿ "ಯಾವ ವಿಧಾನ ಒಳ್ಳೆಯದು" ಅಂತ ಕೇಳುವುದಕ್ಕಿಂತ "ದೋಷ ಕಾಣಿಸಿದ್ದು ಯಾವಾಗ" ಅಂತ ಕೇಳಿದರೆ ಬೇಗ ಉತ್ತರ ಸಿಗುತ್ತದೆ. ಮೊದಲ ದಿನವೇ ಕಂಡಿದ್ದರೆ ಕೊಯ್ಲು ಅಥವಾ ಕೈಬಳಕೆಯ ತಪ್ಪು. ಒಣಗುವ ನಡುವೆ ಕಂಡಿದ್ದರೆ ಗಾಳಿ, ಬಿಸಿ, ಬೆಳಕು ಈ ಮೂರರಲ್ಲಿ ಒಂದು. ಡಬ್ಬಿಗೆ ಹಾಕಿದ ಮೇಲೆ ಕಂಡಿದ್ದರೆ ಬಹುಪಾಲು ಪೂರ್ತಿ ಒಣಗಿರಲಿಲ್ಲ ಅಂತಲೇ ಅರ್ಥ.

ಒಣಗಿದೆಯಾ ಇಲ್ಲವಾ, ಮೊದಲು ಅಳೆಯಿರಿ

ಬೇರೆ ಏನನ್ನು ಹುಡುಕುವ ಮೊದಲೂ ಈ ಪರೀಕ್ಷೆ ಮಾಡಿ. ಕೈಯಲ್ಲಿ ಮುಟ್ಟಿ ನೋಡುವುದು ಸಾಲದು. ಎಲೆಯ ಅಂಚು ಗರಿಗರಿಯಾಗಿರುತ್ತದೆ, ದಂಟಿನೊಳಗೆ ನೀರು ಹಾಗೇ ಇರುತ್ತದೆ. ಎರಡು ದಿನ ಡಬ್ಬಿಯಲ್ಲಿಟ್ಟರೆ ಆ ನೀರು ಎಲೆಗೆ ಹರಡಿ ಎಲ್ಲವೂ ಮೆತ್ತಗಾಗುತ್ತದೆ.

ಒಣಗಿದ ಎಲೆ ಅಥವಾ ಹೂವನ್ನು ಗಾಜಿನ ಜಾಡಿಗೆ ಮುಕ್ಕಾಲು ತುಂಬಿಸಿ, ಒಳಗೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇಟ್ಟು ಬಿಗಿಯಾಗಿ ಮುಚ್ಚಿ. ಒಂದು ದಿನ ಬಿಟ್ಟು ಮೀಟರ್ ನೋಡಿ. ಶೇ. 60ಕ್ಕಿಂತ ಜಾಸ್ತಿ ತೋರಿಸಿದರೆ ಇನ್ನೂ ಒಣಗಬೇಕು. ಶೇ. 60ಕ್ಕಿಂತ ಕಡಿಮೆ ತೇವದಲ್ಲಿ ಬೂಷ್ಟಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯುವುದಿಲ್ಲ. ಆದರೆ ಗಡಿಯಲ್ಲೇ ನಿಲ್ಲಿಸುವುದು ಬೇಡ. 50ರ ಆಸುಪಾಸಿಗೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ತಂದರೆ ನೆಮ್ಮದಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಮೀಟರ್ ನೋಡುವುದೇ ಬೇಡ, ತಕ್ಷಣ ಹೊರಗೆ ಹರಡಿ.

ಅಗ್ಗದ ಮೀಟರುಗಳು ಸುಳ್ಳು ಹೇಳುತ್ತವೆ. ಅದನ್ನೂ ಪರೀಕ್ಷಿಸಬಹುದು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಚಿಮುಕಿಸಿ. ಅದನ್ನೂ ಮೀಟರನ್ನೂ ಒಟ್ಟಿಗೆ ಒಂದು ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಒಳಗಿನ ಗಾಳಿಯ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಮೀಟರ್ ಇಲ್ಲದವರಿಗೆ ತಕ್ಕಡಿ ಸಾಕು. 100 ಗ್ರಾಂ ಹಸಿ ಪುದೀನದಲ್ಲಿ 85 ಗ್ರಾಂ ನೀರು ಇದೆ ಅಂದುಕೊಳ್ಳಿ. ಉಳಿದ 15 ಗ್ರಾಂ ಒಣ ಅಂಶ. ತೂಕದಲ್ಲಿ ನೀರಿನ ಪಾಲು ಶೇ. 10ಕ್ಕೆ ಇಳಿದಾಗ ಒಟ್ಟು ತೂಕ 17 ಗ್ರಾಂಗಿಂತ ಸ್ವಲ್ಪ ಕಡಿಮೆ ಇರಬೇಕು. ತಕ್ಕಡಿ 22 ಗ್ರಾಂ ತೋರಿಸಿದರೆ ಅದರಲ್ಲಿ 7 ಗ್ರಾಂ ಇನ್ನೂ ನೀರೇ, ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು. ಕೈಗೆ ಮಾತ್ರ ಅದು "ಒಣಗಿದೆ" ಅನಿಸಬಹುದು.

ಎಷ್ಟು ದಿನ ಬಿಟ್ಟರೂ ಒಣಗುತ್ತಿಲ್ಲ

ಇದಕ್ಕೆ ಮುಖ್ಯ ಕಾರಣ ಗಾಳಿಯಲ್ಲಿರುವ ತೇವ. ಸುತ್ತಲಿನ ಗಾಳಿಯ ತೇವ ಶೇ. 80 ಇದ್ದರೆ ಎಲೆ ಅದಕ್ಕೆ ಸರಿಹೊಂದಿ ನಿಂತುಬಿಡುತ್ತದೆ. ಒಂದು ವಾರ ಬಿಟ್ಟರೂ ಅಷ್ಟೇ, ಒಂದು ತಿಂಗಳು ಬಿಟ್ಟರೂ ಅಷ್ಟೇ. ಜಾಡಿಗೆ ಹಾಕಿದರೆ ಮೀಟರ್ ಕೂಡ 80ನ್ನೇ ತೋರಿಸುತ್ತದೆ.

ಇಲ್ಲಿ ಫ್ಯಾನ್ ಹಾಕುವುದು ತುಂಬಾ ಜನ ಮಾಡುವ ಪ್ರಯತ್ನ. ಫ್ಯಾನ್ ಎಲೆಯನ್ನು ಆ ಮಟ್ಟಕ್ಕೆ ಬೇಗ ತರುತ್ತದೆ, ಅದನ್ನು ದಾಟಿಸುವುದಿಲ್ಲ. ದಾಟಿಸಲು ಗಾಳಿಯನ್ನು ಬಿಸಿ ಮಾಡಬೇಕು, ಇಲ್ಲವೇ ಅದರ ತೇವವನ್ನು ಹೀರಬೇಕು. 25 ಡಿಗ್ರಿ ಸೆಲ್ಸಿಯಸ್, ಶೇ. 80 ತೇವದ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವ (ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ಈಗ ಇದೆ ಅನ್ನುವ ಲೆಕ್ಕ) ಶೇ. 34ರ ಹತ್ತಿರಕ್ಕೆ ಬೀಳುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ. ಬಿಸಿ ಗಾಳಿಗೆ ನೀರನ್ನು ಹಿಡಿದಿಡುವ ಶಕ್ತಿ ಜಾಸ್ತಿ, ಅಷ್ಟೇ. ಡಿಹೈಡ್ರೇಟರ್ ಮಳೆಗಾಲದಲ್ಲೂ ಕೆಲಸ ಮಾಡುವುದು ಈ ಕಾರಣಕ್ಕೆ. ನೇತುಹಾಕಿದ ಕಟ್ಟು ಸೋಲುವುದೂ ಇದೇ ಕಾರಣಕ್ಕೆ.

ಕೋಣೆಯ ತೇವ ಶೇ. 60ಕ್ಕಿಂತ ಕಡಿಮೆ ಇದ್ದರೆ ನೇತುಹಾಕುವುದು ಸುಲಭದ, ಖರ್ಚಿಲ್ಲದ, ಘಮ ಉಳಿಸುವ ವಿಧಾನ. ಒಂದರಿಂದ ಮೂರು ವಾರ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ತೇವ ಇದ್ದಾಗ ಅದನ್ನು ಮರೆತುಬಿಡಿ. ಬೇಕಿದ್ದರೆ ಎರಡು ಹಂತ ಮಾಡಿ: ಮೊದಲು ನೆರಳಲ್ಲಿ ಬಾಡಿಸಿ, ಕೊನೆಯ ಕೆಲವು ಗಂಟೆ ಡಿಹೈಡ್ರೇಟರ್‌ನಲ್ಲಿ ಮುಗಿಸಿ.

ಡಿಹೈಡ್ರೇಟರ್‌ನಲ್ಲೂ ಒಣಗುತ್ತಿಲ್ಲವಾದರೆ ತಟ್ಟೆ ನೋಡಿ. ಎಲೆಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಅಥವಾ ತೊಳೆದ ನೀರು ಹಾಗೇ ಇರುತ್ತದೆ. ತೊಳೆದರೆ ಬಟ್ಟೆಯಲ್ಲಿ ಒತ್ತಿ ಮೇಲಿನ ನೀರನ್ನು ತೆಗೆಯಿರಿ. ಎಲೆ ಒಂದೇ ಪದರದಲ್ಲಿರಲಿ.

ಎಲೆ ಕಪ್ಪಾಯಿತು ಅಥವಾ ಕಂದಾಯಿತು

ಇದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಬಣ್ಣವನ್ನು ಸರಿಯಾಗಿ ನೋಡಿದರೆ ಗೊತ್ತಾಗುತ್ತದೆ.

ಕಲೆ ಕಲೆಯಾಗಿ, ಮಡಚಿದ ಕಡೆ, ಬೆರಳು ಒತ್ತಿದ ಕಡೆ ಕಪ್ಪಾಗಿದ್ದರೆ ಅದು ಗಾಯ. ಎಲೆಯ ಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದು ಬಣ್ಣ ಮಾಡುತ್ತದೆ. ತುಳಸಿ, ಬೇಸಿಲ್, ಪುದೀನದಂಥ ಮೆತ್ತನೆಯ ಎಲೆಗಳಲ್ಲಿ ಇದು ಜಾಸ್ತಿ. ಬೇಸಿಲ್ ಎಲೆಗಂತೂ ಫ್ರಿಜ್ ಕೂಡ ಆಗುವುದಿಲ್ಲ. 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೇ ಅದು ಕಪ್ಪಾಗುತ್ತದೆ. ಕೊಯ್ದು ಫ್ರಿಜ್‌ನಲ್ಲಿಟ್ಟು ಮರುದಿನ ಒಣಗಿಸಿದರೆ ದೋಷ ಒಣಗಿಸುವುದರಲ್ಲಿ ಇಲ್ಲ. ಪರಿಹಾರ ಸರಳ: ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಕೊಯ್ಯಿರಿ, ಹರಿತವಾದ ಕತ್ತರಿ ಬಳಸಿ, ಕವರಿನಲ್ಲಿ ತುರುಕಬೇಡಿ, ಅದೇ ದಿನ ಒಣಗಿಸಲು ಶುರು ಮಾಡಿ. ಕುದಿಯುವ ನೀರಿನಲ್ಲಿ ಒಂದು ಕ್ಷಣ ಅದ್ದಿದರೆ ಕಿಣ್ವ ನಿಲ್ಲುತ್ತದೆ, ಹಸಿರು ಉಳಿಯುತ್ತದೆ. ಆದರೆ ಘಮದ ಒಂದು ಪಾಲು ನೀರಿಗೆ ಹೋಗುತ್ತದೆ. ಘಮಕ್ಕಾಗಿ ಒಣಗಿಸುವವರಿಗೆ ಅದು ಬೇಡ.

ಇಡೀ ಎಲೆ ಒಂದೇ ಸಮ ಆಲಿವ್ ಹಸಿರಿಗೆ, ಕಂದು ಹಸಿರಿಗೆ ತಿರುಗಿದ್ದರೆ ಅದು ಬಿಸಿಯ ಕೆಲಸ. ಕ್ಲೋರೋಫಿಲ್‌ನ ನಡುವೆ ಇರುವ ಮೆಗ್ನೀಷಿಯಂ ಕಳಚಿಕೊಂಡು ಫಿಯೋಫೈಟಿನ್ ಎಂಬ ಕಂದು ಹಸಿರು ವಸ್ತು ಆಗುತ್ತದೆ. ಬಿಸಿ ಜಾಸ್ತಿಯಾದಷ್ಟೂ, ಎಲೆ ಹಸಿಯಾಗಿದ್ದಷ್ಟೂ ಇದು ಬೇಗ. ಹಾಗಾಗಿ ಮೊದಲ ಗಂಟೆಗಳಲ್ಲೇ ಬಿಸಿ ಏರಿಸುವುದು ಕೆಟ್ಟ ಅಭ್ಯಾಸ. ಉಪಕರಣದ ಗುಂಡಿಯನ್ನು ನಂಬದೆ ತಟ್ಟೆಯ ಮೇಲೆ ಒಂದು ಥರ್ಮಾಮೀಟರ್ ಇಡಿ. ಮನೆಯ ಓವನ್ನುಗಳಲ್ಲಿ ಅತಿ ಕಡಿಮೆ ಬಿಸಿಯೂ ಎಷ್ಟೋ ಸಲ 50 ಡಿಗ್ರಿಯ ಮೇಲೇ ಇರುತ್ತದೆ, ಜೊತೆಗೆ ಅದು ಏರಿಳಿಯುತ್ತಲೇ ಇರುತ್ತದೆ. ಬಾಗಿಲು ಸಂದು ಬಿಟ್ಟರೂ ಓವನ್ ನನಗೆ ಕೊನೆಯ ಆಯ್ಕೆ. ಮೆತ್ತನೆಯ ಎಲೆಗೆ ಅದು ಆಗಿಬರುವುದಿಲ್ಲ.

ಘಮ ಹೋಯಿತು

ಬಣ್ಣ ಚೆನ್ನಾಗಿದೆ, ಗರಿಗರಿಯಾಗಿದೆ, ವಾಸನೆ ಮಾತ್ರ ಇಲ್ಲ. ಈ ದೋಷವನ್ನು ಸರಿಪಡಿಸಲು ಬರುವುದಿಲ್ಲ, ಮುಂದಿನ ಸಲಕ್ಕೆ ತಡೆಯಬಹುದು ಅಷ್ಟೇ.

ಮೆಂಥಾಲ್ ಕುದಿಯುವುದು 212 ಡಿಗ್ರಿಯಲ್ಲಿ. ಹಾಗಿದ್ದ ಮೇಲೆ 60 ಡಿಗ್ರಿಯಲ್ಲಿ ಪುದೀನದ ಘಮ ಯಾಕೆ ಹೋಗಬೇಕು ಅಲ್ವಾ? ನೀರಿನ ಆವಿ ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಸುಗಂಧ ತೈಲ ತೆಗೆಯುವವರು ಹಬೆಯನ್ನು ಬಳಸುವುದು ಇದೇ ತತ್ವದ ಮೇಲೆ. ಹಸಿ ಎಲೆಯನ್ನು ಜೋರು ಬಿಸಿಗೆ ಇಟ್ಟರೆ ನೀವೂ ಗೊತ್ತಿಲ್ಲದೆ ಅದನ್ನೇ ಮಾಡುತ್ತಿರುತ್ತೀರಿ. ಒಣಗಿಸುವಾಗ ಕೋಣೆ ತುಂಬಾ ಘಮ ಬಂದರೆ ಖುಷಿಪಡುವಂಥದ್ದೇನಿಲ್ಲ. ಬಂದ ಘಮವೆಲ್ಲ ಎಲೆಯಿಂದ ಹೋದದ್ದೇ.

ಎಣ್ಣೆ ಎಲೆಯ ಯಾವ ಭಾಗದಲ್ಲಿದೆ ಅನ್ನುವುದೂ ಮುಖ್ಯ. ಪುದೀನ, ತುಳಸಿ, ಥೈಮ್, ರೋಸ್ಮರಿ, ಲ್ಯಾವೆಂಡರ್ ಒಂದೇ ಕುಟುಂಬದವು. ಇವುಗಳ ಎಣ್ಣೆ ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಗ್ರಂಥಿಗಳಲ್ಲಿ ಇರುತ್ತದೆ. ಉಜ್ಜಿದರೆ ಸಾಕು, ಒಡೆಯುತ್ತವೆ. ಹಾಗಾಗಿ ಇವನ್ನು 35ರಿಂದ 45 ಡಿಗ್ರಿಯೊಳಗೆ, ಇಡೀ ಎಲೆಯಾಗಿಯೇ ಒಣಗಿಸಿ, ಇಡೀ ಎಲೆಯಾಗಿಯೇ ಶೇಖರಿಸಿ. ಪುಡಿ ಮಾಡುವುದು ಬಳಸುವ ಹೊತ್ತಿಗೆ. ಥೈಮ್, ರೋಸ್ಮರಿಯಂಥ ಗಟ್ಟಿ ಎಲೆಗಳು ಸ್ವಲ್ಪ ತಪ್ಪನ್ನು ತಡೆದುಕೊಳ್ಳುತ್ತವೆ. ಪುದೀನ, ತುಳಸಿ ತಡೆದುಕೊಳ್ಳುವುದಿಲ್ಲ.

ಕೊತ್ತಂಬರಿ ಸೊಪ್ಪಿನದ್ದು ಬೇರೆಯೇ ಕಥೆ. ಅದರ ಘಮ ಬರುವುದು ಬೇಗ ಹಾರಿಹೋಗುವ ಆಲ್ಡಿಹೈಡ್‌ಗಳಿಂದ. ಎಷ್ಟೇ ಜಾಗ್ರತೆ ಮಾಡಿದರೂ ಒಣಗಿದ ಮೇಲೆ ಬಣ್ಣ ಮಾತ್ರ ಉಳಿಯುತ್ತದೆ. ಪಾರ್ಸ್ಲಿ, ಚೈವ್ಸ್ ಕೂಡ ಹೆಚ್ಚು ಕಡಿಮೆ ಹಾಗೆಯೇ. ಇವನ್ನು ಒಣಗಿಸಬೇಡಿ, ಹೆಚ್ಚಿ ಫ್ರೀಜರ್‌ನಲ್ಲಿ ಇಡಿ.

ಕೊಯ್ಲಿನ ಹೊತ್ತನ್ನೂ ನೋಡಿ. ಎಲೆಗಾಗಿ ಬೆಳೆಸುವ ಗಿಡಗಳಲ್ಲಿ ಮೊಗ್ಗು ಕಾಣಿಸಿಕೊಂಡು ಹೂ ಬಿಡುವ ಮುಂಚೆ ಘಮ ಚೆನ್ನಾಗಿರುತ್ತದೆ. ಹಸಿ ಎಲೆಯಲ್ಲೇ ಕಡಿಮೆ ಇದ್ದದ್ದನ್ನು ಯಾವ ಉಪಕರಣವೂ ಹೆಚ್ಚಿಸಲಾರದು.

ಮೈಕ್ರೋವೇವ್ ಬಗ್ಗೆ ಒಂದು ಮಾತು. ಸ್ವಲ್ಪ ಎಲೆ ಇದ್ದಾಗ, ಪೇಪರ್ ಟವೆಲ್‌ಗಳ ನಡುವೆ ಇಟ್ಟು 30 ಸೆಕೆಂಡಿನ ಹಾಗೆ ಬಿಟ್ಟು ಬಿಟ್ಟು ಓಡಿಸಿದರೆ ಒಂದೆರಡು ನಿಮಿಷದಲ್ಲಿ ಒಣಗುತ್ತದೆ. ಹಸಿರು ಬಣ್ಣ ಅಚ್ಚರಿಯಾಗುವಷ್ಟು ಚೆನ್ನಾಗಿ ಉಳಿಯುತ್ತದೆ, ಯಾಕೆಂದರೆ ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲ. ಆದರೆ ಒಣಗಿದ ಮೇಲೂ ಓಡಿಸಿದರೆ ಎಲೆ ಸುಡುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಒಳಗೆ ಎಲೆಯ ಪಕ್ಕದಲ್ಲಿ ಒಂದು ಲೋಟ ನೀರಿಡಿ, ಮೈಕ್ರೋವೇವ್ ಮುಂದಿನಿಂದ ಕದಲಬೇಡಿ.

ಒಣಹುಲ್ಲಿನ ವಾಸನೆ, ಮುಗ್ಗಲು ವಾಸನೆ

ಒಣಹುಲ್ಲಿನ ವಾಸನೆ ಬಂದರೆ ತುಂಬಾ ನಿಧಾನವಾಗಿ ಒಣಗಿದೆ ಅಂತ ತಿಳಿಯಿರಿ. ದಪ್ಪ ಕಟ್ಟು ಕಟ್ಟಿದಾಗ ಹೀಗಾಗುತ್ತದೆ. ಹೊರಗಿನ ಎಲೆ ಗರಿಗರಿ, ನಡುವಿನದು ಹಲವು ದಿನ ಬೆಚ್ಚಗೆ, ತೇವವಾಗಿ ಉಳಿದಿರುತ್ತದೆ. ಐದಾರು ದಂಟಿಗಿಂತ ದಪ್ಪ ಕಟ್ಟು ಬೇಡ. ಕಟ್ಟಲು ರಬ್ಬರ್ ಬ್ಯಾಂಡ್ ಒಳ್ಳೆಯದು. ದಂಟು ಒಣಗಿ ಕುಗ್ಗಿದಂತೆ ಅದೂ ಬಿಗಿಯುತ್ತದೆ, ದಾರವಾದರೆ ಸಡಿಲವಾಗಿ ಎಲ್ಲ ಕೆಳಗೆ ಬೀಳುತ್ತದೆ.

ಮುಗ್ಗಲು ವಾಸನೆ, ಬಿಳಿ ಅಥವಾ ಬೂದು ನೂಲು ಕಂಡರೆ ಅದು ಬೂಷ್ಟು. ಇಲ್ಲಿ ರಾಜಿ ಇಲ್ಲ, ಇಡೀ ಜಾಡಿಯನ್ನೇ ಎಸೆಯಿರಿ. ಮೇಲಿನದನ್ನು ಕೊಡವಿ, ಬಿಸಿಲಿಗೆ ಹಾಕಿ ಬಳಸುವವರಿದ್ದಾರೆ. ಬೂಷ್ಟು ಸಾಯಬಹುದು, ಅದು ಮಾಡಿಟ್ಟ ರಾಸಾಯನಿಕ ಎಲ್ಲೂ ಹೋಗುವುದಿಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಅದಕ್ಕೆ ಕಾರಣ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ಎಂದು ಪತ್ತೆ ಮಾಡಿದರು. ಆ ಗಿಡದಲ್ಲಿ ಸಹಜವಾಗಿ ಇರುವ ಕೂಮರಿನ್ ಎಂಬ ಸುವಾಸನೆಯ ವಸ್ತುವನ್ನು ಬೂಷ್ಟು ಡೈಕೂಮರಾಲ್ ಆಗಿ ಬದಲಿಸುತ್ತಿತ್ತು. ಅದನ್ನು ಬೇರ್ಪಡಿಸಿದ್ದು 1940ರ ಸುಮಾರಿಗೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧ ಹುಟ್ಟಿದ್ದು ಆ ಕೆಲಸದಿಂದಲೇ. ಸರಿಯಾಗಿ ಒಣಗದ ಹುಲ್ಲು ಇಷ್ಟೆಲ್ಲ ಮಾಡಬಲ್ಲದು.

ಹೂವಿನ ದೋಷಗಳು

ಹೂವಿನಲ್ಲಿ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಒಣಗಿಸುವುದು ಕುಡಿಯಲು, ತಿನ್ನಲೋ ಅಥವಾ ನೋಡಲೋ? ಎರಡಕ್ಕೂ ಒಂದೇ ವಿಧಾನ ಆಗುವುದಿಲ್ಲ.

ಎಸಳು ಸುರುಟಿ ಆಕಾರ ಕೆಟ್ಟಿದ್ದರೆ, ಮತ್ತು ಹೂ ಅಲಂಕಾರಕ್ಕೆ ಇದ್ದರೆ, ಸಿಲಿಕಾ ಜೆಲ್ ಸರಿಯಾದ ಉತ್ತರ. ನುಣ್ಣನೆಯ ಹರಳು ಬಳಸಿ. ದಪ್ಪ ಹರಳು ಎಸಳಿನ ಮೇಲೆ ಗುಳಿ ಬೀಳಿಸುತ್ತದೆ. ಡಬ್ಬಿಯಲ್ಲಿ ಹೂವನ್ನು ಮುಖ ಮೇಲೆ ಮಾಡಿ ನಿಲ್ಲಿಸಿ, ಮೊದಲು ಸುತ್ತ, ಆಮೇಲೆ ಎಸಳುಗಳ ನಡುವೆ, ಕೊನೆಗೆ ಮೇಲೆ ಸುರಿಯಿರಿ. ಮೇಲಿಂದ ಸುಮ್ನೆ ಸುರಿದರೆ ಹೂ ಚಪ್ಪಟೆ. ಬಿಗಿಯಾಗಿ ಮುಚ್ಚಿ. ತೆಳ್ಳನೆಯ ಹೂವಿಗೆ ಎರಡು ಮೂರು ದಿನ, ಗುಲಾಬಿಯಂಥದ್ದಕ್ಕೆ ಒಂದು ವಾರದವರೆಗೆ ಬೇಕಾಗುತ್ತದೆ. ಎಸಳು ಮುಟ್ಟಿದರೆ ಒಡೆಯುತ್ತಿದ್ದರೆ ಜಾಸ್ತಿ ದಿನ ಬಿಟ್ಟಿದ್ದೀರಿ. ಹೊರತೆಗೆದ ಕೆಲವು ದಿನಗಳಲ್ಲೇ ತಲೆ ಬಾಗಿದರೆ ನಡುಭಾಗ ಒಣಗಿರಲಿಲ್ಲ, ಅಥವಾ ಹೊರಗಿನ ತೇವ ಹೀರಿಕೊಂಡಿದೆ. ತೇವ ಹೆಚ್ಚಿರುವ ಕಡೆ ಇಂಥ ಹೂವನ್ನು ಗಾಜಿನೊಳಗೇ ಇಡಬೇಕು.

ಜೆಲ್‌ನ ಬಣ್ಣವನ್ನೂ ಗಮನಿಸಿ. ನೀಲಿ ಹರಳು ನೀರು ಹೀರಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು 120 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದ್ದು, ಅದು ವಿಷ. ಬಾಯಿಗೆ ಹೋಗುವ ಹೂವನ್ನು ಜೆಲ್‌ನಲ್ಲಿ ಹೂಳಬೇಡಿ, ಬಣ್ಣ ಯಾವುದೇ ಇರಲಿ. ಹೂ ಒಣಗಿಸಲು ಬಳಸುವ ಬೋರಾಕ್ಸ್ (ಬಿಳಿಗಾರ) ಬೆರೆಸಿದ ಮಿಶ್ರಣಕ್ಕೂ ಇದೇ ಮಾತು. ಸುರಿಯುವಾಗ ಏಳುವ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಕೆಂಪು ಗುಲಾಬಿ ಕಪ್ಪಾಯಿತು ಅನ್ನುವ ದೂರು ತುಂಬಾ ಸಾಮಾನ್ಯ. ಅದರಲ್ಲಿ ನಿಮ್ಮ ತಪ್ಪು ಕಡಿಮೆ. ನೀರು ಹೋದಂತೆ ಆಂಥೋಸಯನಿನ್ ಎಂಬ ಬಣ್ಣ ಒಂದೇ ಕಡೆ ದಟ್ಟವಾಗುತ್ತದೆ, ಕಡು ಕೆಂಪು ಕಪ್ಪಿನ ಹತ್ತಿರಕ್ಕೆ ಹೋಗುತ್ತದೆ. ಗುಲಾಬಿ ಬಣ್ಣದ ಹೂ ನೇರಳೆ ಕಡೆಗೆ ವಾಲುತ್ತದೆ. ಕೆಂಪಾಗಿಯೇ ಕಾಣಬೇಕಿದ್ದರೆ ತಿಳಿಗೆಂಪು ಹೂವಿನಿಂದ ಶುರು ಮಾಡಿ. ಬಣ್ಣ ದಟ್ಟವಾಗುವ ಬದಲು ಮಾಸಿದ್ದರೆ ಮಾತ್ರ ಅದು ಬೆಳಕಿನ ದೋಷ. ನೇರ ಬಿಸಿಲಿನಲ್ಲಿ ಒಣಗಿಸಿದ ಎಲೆ, ಹೂ ಎರಡೂ ಬಿಳಿಚಿಕೊಳ್ಳುತ್ತವೆ. ಸೂರ್ಯನ ಶಾಖವೇ ಬೇಕೆಂದರೆ ಗಾಳಿ ಒಂದು ಪೆಟ್ಟಿಗೆಯಲ್ಲಿ ಕಾದು, ಹೂ ಇನ್ನೊಂದು ಕತ್ತಲೆ ಪೆಟ್ಟಿಗೆಯಲ್ಲಿ ಒಣಗುವ ಸೌರ ಡ್ರೈಯರ್ ಬಳಸಿ.

ಎಸಳು ಉದುರಿದರೆ ಹೂವನ್ನು ತಡವಾಗಿ ಕೊಯ್ದಿದ್ದೀರಿ. ಪೂರ್ತಿ ಅರಳುವ ಮುಂಚೆಯೇ ಕೊಯ್ಯಬೇಕು. ಕೊಯ್ದ ಮೇಲೂ ಕೆಲವು ಹೂ ಅರಳುತ್ತಲೇ ಇರುತ್ತವೆ. ಸೇವಂತಿಗೆಯ ಜಾತಿಯವು ಕೆಲವೊಮ್ಮೆ ಒಣಗುತ್ತಲೇ ಬೀಜದ ಹತ್ತಿಯಾಗಿ ಬಿಡುತ್ತವೆ.

ಕ್ಯಾಲೆಂಡುಲ, ಚೆಂಡುಹೂ, ಕ್ಯಾಮೊಮೈಲ್ ಇವು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತವೆ. ಎಸಳು ಒಂದೇ ದಿನದಲ್ಲಿ ಕಾಗದದ ಹಾಗೆ ಆಗುತ್ತದೆ. ಕೆಳಗಿನ ಹಸಿರು ಬುಡ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಎಸಳನ್ನಲ್ಲ, ಬುಡವನ್ನು ಉಗುರಿನಿಂದ ಒತ್ತಿ ನೋಡಿ. ಬಾಗಿದರೆ ಇನ್ನೂ ಬೇಕು, ಮುರಿದರೆ ಸಾಕು. ಬಿಸಿ ಜಾಸ್ತಿ ಇಟ್ಟರೆ ಹೊರಗೆ ಗಟ್ಟಿ ಪದರ ಕಟ್ಟಿ ಒಳಗಿನ ನೀರು ಇನ್ನೂ ತಡವಾಗಿ ಬರುತ್ತದೆ. ಬುಡ ಬೇಡದವರು ಎಸಳು ಕಿತ್ತೇ ಒಣಗಿಸಬಹುದು. ಆದರೆ ಕ್ಯಾಲೆಂಡುಲದ ಅಂಟು ರಾಳ ಇರುವುದು ಬುಡದಲ್ಲೇ. ಅದಕ್ಕಾಗಿ ಬೆಳೆಸುವವರು ಇಡೀ ಹೂವನ್ನೇ ಒಣಗಿಸಬೇಕು.

ಫ್ರೀಜ್ ಡ್ರೈಯಿಂಗ್ ಆಕಾರ, ಬಣ್ಣ ಎರಡನ್ನೂ ಚೆನ್ನಾಗಿ ಉಳಿಸುತ್ತದೆ. 611 ಪಾಸ್ಕಲ್‌ಗಿಂತ ಕಡಿಮೆ ಒತ್ತಡದಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಹಾಗಾಗಿ ಎಸಳು ಕುಗ್ಗುವುದಿಲ್ಲ. ಅಡುಗೆಮನೆಯ ಫ್ರೀಜರ್ ಆ ಕೆಲಸ ಮಾಡುವುದಿಲ್ಲ, ನಿರ್ವಾತದ ಯಂತ್ರವೇ ಬೇಕು. ಒಣಗಿದ್ದು ಸ್ಪಂಜಿನ ಹಾಗೆ ಟೊಳ್ಳಾಗಿರುತ್ತದೆ, ಗಾಳಿಗೆ ತೆರೆದರೆ ಬೇಗ ತೇವ ಹೀರುತ್ತದೆ. ಯಂತ್ರದಿಂದ ತೆಗೆದದ್ದು ನೇರ ಜಾಡಿಗೆ ಹೋಗಬೇಕು.

ಡಬ್ಬಿಯಲ್ಲಿ ಕೆಟ್ಟಿತು

ಜಾಡಿ ಪರೀಕ್ಷೆ ಪಾಸಾಗಿಯೂ ಕೆಲವು ತಿಂಗಳಲ್ಲಿ ಬಣ್ಣ ಮಾಸಿದರೆ ಬೆಳಕು ಕಾರಣ. ಜಾಡಿಯನ್ನು ಕತ್ತಲೆ ಕಪಾಟಿಗೆ ಸರಿಸಿ. ಒಲೆಯ ಮೇಲಿನ ಕಪಾಟು ಬೇಡ, ಅಲ್ಲಿ ಬಿಸಿ ಮತ್ತು ಹಬೆ ಎರಡೂ ಇವೆ. ಮುಕ್ಕಾಲು ಖಾಲಿಯಾದ ಜಾಡಿಯಲ್ಲಿ ಗಾಳಿ ಜಾಸ್ತಿ ಇರುತ್ತದೆ, ಚಿಕ್ಕದಕ್ಕೆ ಬದಲಿಸಿ. ಎಲೆಗಳನ್ನು ಒಂದು ವರ್ಷದೊಳಗೆ ಬಳಸುವುದು ಒಳ್ಳೆಯದು.

ತಳದಲ್ಲಿ ಸಣ್ಣ ಪುಡಿ, ಎಲೆಯಲ್ಲಿ ದುಂಡು ತೂತು ಕಂಡರೆ ಹುಳ. ಸಾಮಾನ್ಯವಾಗಿ ಇವು ಎರಡು ಮೂರು ಮಿಲಿಮೀಟರಿನ ಕಂದು ಜೀರುಂಡೆಗಳು, ಒಣಗಿದ ಯಾವ ಸಸ್ಯವನ್ನೂ ಬಿಡುವುದಿಲ್ಲ. ಹುಳ ಬಿದ್ದದ್ದನ್ನು ಎಸೆಯಿರಿ. ಅದೇ ಕಪಾಟಿನ ಉಳಿದ ಜಾಡಿಗಳನ್ನು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ತಣ್ಣಗಿನ ಎಲೆಯ ಮೇಲೆ ಕೋಣೆಯ ತೇವ ನೀರಾಗಿ ಕೂರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ. ಜಾಡಿ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆದು, ಮೀಟರ್ ಇಟ್ಟು ಇನ್ನೊಮ್ಮೆ ನೋಡಿ.